ಹೆಗಲ ಮೇಲೆ ಉಳಿದ ಬೆರಳುಗಳು

ಕೇಳುಗರಿಗೆ ನಮಸ್ಕಾರ.

ಅರವತ್ತು ದಾಟಿದವರು ಆನ್‌ಲೈನ್‌ನಲ್ಲಿ ಸಂಗಾತಿಯನ್ನು ಹುಡುಕಲು ಹೊರಟರೆ ಮೊದಲ ತೊಡಕು ಫೋಟೊದ್ದೇ. ಒಬ್ಬರೇ ನಿಂತು ತೆಗೆಸಿಕೊಂಡದ್ದು ಎಷ್ಟು ತಡಕಿದರೂ ಸಿಗುವುದಿಲ್ಲ. ಇರುವುದೆಲ್ಲ ಮದುವೆಮನೆಯ ಗುಂಪು, ಮೊಮ್ಮಗುವಿನ ಹುಟ್ಟುಹಬ್ಬ. ಕೊನೆಗೆ ಅದರಲ್ಲೇ ಒಂದನ್ನು ಕತ್ತರಿಸುತ್ತಾರೆ. ಪಕ್ಕದವರ ಮುಖವೇನೋ ಹೋಗುತ್ತದೆ. ಹೆಗಲ ಮೇಲಿಟ್ಟ ನಾಲ್ಕು ಬೆರಳು ಉಳಿದುಬಿಡುತ್ತವೆ.

ಬರಹದಲ್ಲೂ ಹೀಗೆಯೇ ಯಾರೋ ಉಳಿದಿರುತ್ತಾರೆ. ಅಮೆರಿಕದ ಈಡನ್ ಡೇವಿಸ್ ಮತ್ತು ಕ್ಯಾರೆನ್ ಫಿಂಗರ್‌ಮನ್ ಎಂಬ ಸಂಶೋಧಕಿಯರು ಡೇಟಿಂಗ್ ತಾಣಗಳ ಸುಮಾರು 4,000 ಸ್ವಪರಿಚಯಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿರಿಯರಲ್ಲಿ ‘ನಾನು’ ಹೆಚ್ಚು, ಕೆಲಸ ಮತ್ತು ಸಾಧನೆಯ ಮಾತು ಹೆಚ್ಚು. ಹಿರಿಯರಲ್ಲಿ ‘ನಾವು’, ‘ನಮ್ಮ’ ಹೆಚ್ಚು. ಕನ್ನಡದಲ್ಲಾದರೆ ಈ ಎಣಿಕೆ ಇನ್ನೂ ಕಷ್ಟವಿತ್ತು. ನಮ್ಮ ‘ನಾನು’, ‘ನಾವು’ಗಳು ಹೋಗುತ್ತೇನೆ, ಹೋಗುತ್ತೇವೆ ಎಂದು ಕ್ರಿಯಾಪದದ ಬಾಲದಲ್ಲೇ ಅಡಗಿ ಕೂರುತ್ತವೆ. ಅದಿರಲಿ. ಒಂಟಿ ಮನುಷ್ಯ ಬರೆಯುವ ಆ ‘ನಾವು’ ಯಾರು? ತೀರಿಕೊಂಡ ಹೆಂಡತಿಯೋ, ಮಕ್ಕಳೋ, ಇನ್ನೂ ಭೇಟಿಯಾಗದ ಓದುಗಾರ್ತಿಯೋ? ಮೂವರೂ ಇರಬಹುದು ಎಂದು ನನ್ನ ಗುಮಾನಿ.

ಇನ್ನು ವಯಸ್ಸು. ಇಷ್ಟರಿಂದ ಇಷ್ಟು ವರ್ಷದವರು ಸಾಕು ಎಂದು ಸೋಸುವ ಸೌಲಭ್ಯ ಈ ತಾಣಗಳಲ್ಲಿ ಇರುತ್ತದೆ. ಗೆರೆಯನ್ನು ಅರವತ್ತಕ್ಕೆ ಎಳೆದವರ ಕಣ್ಣಿಗೆ ಅರವತ್ತೊಂದರವರು ಬೀಳುವುದೇ ಇಲ್ಲ. ಹಾಗಾಗಿ ಐವತ್ತೊಂಬತ್ತು ಎಂದು ಬರೆಯುವವರನ್ನು ಸುಳ್ಳುಗಾರರೆನ್ನಲು ನನಗೆ ನಾಲಿಗೆ ಬಾರದು. ಮುಚ್ಚಿದ ಬಾಗಿಲಿನೊಳಗೆ ಕಾಲು ತೂರಿಸಿದ್ದಾರೆ, ಅಷ್ಟೆ. ಗುಟ್ಟು ನಿಲ್ಲುವುದಿಲ್ಲ ಎನ್ನುವುದು ಬೇರೆ ಮಾತು. ಮೂರನೆಯ ಫೋನ್ ಕರೆಯಲ್ಲಿ, “ನಿವೃತ್ತನಾಗಿ ಎಂಟು ವರ್ಷವಾಯಿತು” ಎಂದು ಬಾಯಿತಪ್ಪಿ ಬಂದರೆ ಆ ಕಡೆಯವರು ಮನಸ್ಸಿನಲ್ಲೇ ಕೂಡಿ ಕಳೆಯುತ್ತಾರೆ. ನನಗೆ ಸಹಿಸಲಾಗದ್ದು ‘ಮನಸ್ಸಿಗಿನ್ನೂ ಇಪ್ಪತ್ತೈದು’ ಎಂಬ ಸಾಲು. ಇಪ್ಪತ್ತೈದರವರು ಯಾರೂ ಹಾಗೆ ಬರೆಯುವುದಿಲ್ಲ.

ಬರೆಯದೆ ಬಿಡಬೇಕಾದದ್ದೂ ಒಂದಿದೆ. ಒಂಟಿತನವನ್ನೂ ಸ್ವಂತ ಮನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ವಂಚಕರಿಗೆ ವಿಳಾಸ ಕೊಟ್ಟಂತೆ.

ಮತ್ತೆ ಆ ಫೋಟೊ. ಬೆರಳುಗಳನ್ನು ಅಳಿಸಲು ಈಗ ಮೊಬೈಲಿನಲ್ಲಿ ಒಂದು ಒತ್ತು ಸಾಕು, ಮೊಮ್ಮಕ್ಕಳು ಕ್ಷಣದಲ್ಲಿ ಮಾಡಿಕೊಡುತ್ತಾರೆ. ಆದರೂ ಕೆಲವರು, ಬೇಡ, ಇರಲಿ ಬಿಡು ಎನ್ನುತ್ತಾರೆ. ಮೆಚ್ಚಿ ಸಂದೇಶ ಕಳುಹಿಸಿದವರು ಮೊದಲು ಕೇಳುವುದೂ ಅದನ್ನೇ: ಆ ಕೈ ಯಾರದು?

ನಮಸ್ಕಾರ.