ಅರ್ಧಕ್ಕ ಬಿಟ್ಟ ಗೇಮ್ ಮತ್ತ ಹಿಡಿಯೋದು ಹೆಂಗ

ಎಲ್ಲಾರಿಗೂ ನಮಸ್ಕಾರ್ರಿ. ಹೊರಗ ಮಳಿ ಹಿಡದೈತಿ, ಆದ್ರೂ ಇಷ್ಟ ಮಂದಿ ಬಂದೀರಿ, ಭಾಳ ಖುಷಿ ಆತು. ನಾ ಹುಬ್ಬಳ್ಳಿಯಾಕಿ, ಇಲ್ಲೇ ಧಾರವಾಡದಾಗ ಒಂದ್ ಕಾಲೇಜಿನ್ಯಾಗ ಅಕೌಂಟ್ಸ್ ಕಲಸ್ತೀನಿ, ದಿನಾ ಚಿಗರಿ ಬಸ್ಸಿನ್ಯಾಗ ಅಡ್ಡಾಡಾಕಿ, ರಾತ್ರಿ ಹತ್ತರ ಮ್ಯಾಲ ಮಗಳು ಮಲಗಿದ್ಲಂದ್ರ ಕಂಪ್ಯೂಟರ್ ಮುಂದ ಕುಂತು ಗೇಮ್ ಆಡಾಕಿ.

ಬ್ಯಾಕ್‌ಲಾಗ್ ಅಂದ ಕೂಡ್ಲೇ ಇಲ್ಲಿರೋ ಇಂಜಿನಿಯರಿಂಗ್ ಹುಡುಗೂರಿಗೆ ಉಳದ ಸಬ್ಜೆಕ್ಟ್ ನೆನಪಿಗೆ ಬರ್ತಾವ. ನಾ ಹೇಳಾಕ ಬಂದಿದ್ದು ಅದಲ್ಲ, ರೊಕ್ಕಾ ಕೊಟ್ಟೋ ಇಲ್ಲಾ ಫುಕಟ್ ಸಿಕ್ತಂತನೋ ತಗೊಂಡು ಲೈಬ್ರರಿಯೊಳಗ ಇಟ್ಟು ಆಡದ ಉಳದ ಗೇಮ್‌ಗಳ ಬಗ್ಗೆ. ಆದ್ರ ಉಳದ ಸಬ್ಜೆಕ್ಟಿನ ಅಂಜಿಕಿ ಹೆಂಗ ಹೊಟ್ಯಾಗ ಕುಂದರ್ತೈತಿ, ಆ ಲಿಸ್ಟ್ ನೋಡಿದ್ರೂ ಹಂಗ ಆಗ್ತೈತಿ, ಯಾವ್ದು ಆಡ್ಲಿ ಯಾವ್ದು ಬಿಡ್ಲಿ ಅಂತ ಮ್ಯಾಲ ಕೆಳಗ ಮಾಡ್ಕೋತ ಅರ್ಧಾ ತಾಸು ಹೋಗ್ತೈತಿ, ಕಡೀಗೆ ಯಾವ್ದೂ ಆಡದ ಮಲಗ್ತೀವಿ. ಎಷ್ಟ್ ಮಂದಿಗೆ ಹಿಂಗ ಆಗೈತಿ, ಕೈ ಎತ್ರಿ ನೋಡೋಣು. ಆತು, ಭಾಳ ಮಂದಿ ಅದೀರಿ.

ಇದು ಹೆಂಗ ಕೂಡ್ತು ಅನ್ನೋದು ನಿಮಗ ಗೊತ್ತಿದ್ದದ್ದ, ಲಗೂನ ಹೇಳಿಬಿಡ್ತೀನಿ. ಸ್ಟೀಮ್ ಅಂದ್ರ ಆನ್‌ಲೈನ್ ಗೇಮ್ ಅಂಗಡಿ, 2003ರಾಗ ಶುರು ಆತು, ಆದ್ರ ನಮಗ ರೂಪಾಯಿ ರೇಟ್ ಬಂದಿದ್ದು 2015ರ ನವೆಂಬರಿನ್ಯಾಗ, ಅಲ್ಲೀತನಕ ಡಾಲರ್ ಲೆಕ್ಕ, ಅದಕ್ಕ ನಡಿಯೋ ಕಾರ್ಡ್ ಎಲ್ಲಾರ ಕಡೆ ಇರ್ತಿದ್ದಿಲ್ಲ. ರೂಪಾಯಿ ಬಂದ ಮ್ಯಾಲ ಸೇಲ್ ಅಂದ್ರ ನಮಗೂ ಜಾತ್ರಿ. 2018ರ ಡಿಸೆಂಬರಿಗೆ ಎಪಿಕ್ ಅನ್ನೋ ಗೇಮ್ ಕಂಪನಿಯವರೂ ಇಂಥದ ಅಂಗಡಿ ತಗದು ಫುಕಟ್ ಗೇಮ್ ಕೊಡಾಕ ಹತ್ತಿದ್ರು, ಲಾಕ್‌ಡೌನ್ ಟೈಮಿನ್ಯಾಗ, 2020ರ ಮೇ ತಿಂಗಳು, ಜಿಟಿಎ ಫೈವ್ ಫುಕಟ್ ಬಿಟ್ಟ ದಿನ ಮಂದಿ ಎಷ್ಟು ಮುಗಿಬಿದ್ರಂದ್ರ ಅವರ ಸೈಟ್ ತಾಸುಗಟ್ಟಲೆ ಕುಂತ ಬಿಡ್ತು. ನಾನೂ ಅವತ್ತು ಜಾಗರಣಿ ಮಾಡಿ ತಗೊಂಡೆ. ಇವತ್ತಿಗೂ ಒಂದ್ ಸಲಾನೂ ತಗದಿಲ್ಲ.

ಹೋದ ವರ್ಷ ದಸರಾ ಸೂಟ್ಯಾಗ ಒಂದಿನ ಕುಂತು ಎಲ್ಲಾ ಬರದೆ. ಒಟ್ಟು 212. ಪೂರ್ತಿ ಮುಗಿಸಿದ್ದು 48, ತಗದ ಇಲ್ಲದ್ದು 127, ಶುರು ಮಾಡಿ ಅರ್ಧಕ್ಕ ಬಿಟ್ಟಿದ್ದು 37. ಲೆಕ್ಕ ಕಲಸಾಕಿ ನಾ, ಮೂರೂ ಕಾಲಮ್ ಎದುರಿಗೆ ಇಟ್ಕೊಂಡು ನೋಡಿದಾಗ ಒಂದು ಮಾತು ಹೊಳೀತು, ಇವತ್ತ ನಾ ಹೇಳಬೇಕಂತ ಬಂದಿದ್ದೂ ಅದ ಒಂದು. ಆ 127 ನನಗ ತ್ರಾಸ ಕೊಡ್ತಿದ್ದಿಲ್ಲ. ತಗದ ಇಲ್ಲದ ಗೇಮು ಅಂದ್ರ ಓದದ ಪುಸ್ತಕ ಇದ್ದಂಗ, ಕಪಾಟಿನ್ಯಾಗ ಇರಲಿ ಬಿಡ್ರಿ, ಯಾರಿಗೇನು ತೊಂದ್ರಿ. ತ್ರಾಸ ಕೊಡ್ತಿದ್ದುದು ಆ 37. ಅವುಗಳ ಹೆಸರು ಕಂಡ್ರ ಸಾಕು, ಅಲ್ಲಿ ಯಾರೋ ಕಾಯ್ತಾರ, ನಾ ಏನೋ ಮಾಡ್ತೀನಂತ ಹೇಳಿ ಬಂದೀನಿ, ಏನಂತ ಮರತೈತಿ, ಹಂಗ ಅನಸ್ತಿತ್ತು. ಖರೇ ಬ್ಯಾಕ್‌ಲಾಗ್ ಅಂದ್ರ ಅದ ನೋಡ್ರಿ, ಅರ್ಧಕ್ಕ ಬಿಟ್ಟದ್ದು.

ನಾವು ಸಣ್ಣವರಿದ್ದಾಗ ಈ ಮಾತ ಇರಲಿಲ್ಲ. ದುರ್ಗದ ಬೈಲಿನ್ಯಾಗ ಅಪ್ಪ ಕೊಡಿಸಿದ್ದು ಒಂದ್ ಟಿವಿ ಗೇಮು, ಅದಕ್ಕ ಒಂದ ಕ್ಯಾಸೆಟ್ಟು, ಅದರಾಗ ಕಾಂಟ್ರಾ. ಆಡಿದಷ್ಟು ಉಳಿಸಿಡೋ ಸೇವ್ ಅನ್ನೋದ ಇಲ್ಲ. ಎಂಟು ಸ್ಟೇಜು, ಕೈಯಾಗ ಮೂರು ಜೀವ, ಒಂದ್ ಗುಂಡು ತಾಗಿದ್ರ ಒಂದ್ ಜೀವ ಹೋತು, ಮೂರನೇ ಸ್ಟೇಜಿನ ಜಲಪಾತ ಹತ್ತೋವಾಗ ಕರೆಂಟ್ ಹೋತಂದ್ರ ಮತ್ತ ಮೊದಲಿಂದ. ನಾನೂ ಅಣ್ಣಾನೂ ಇಡೀ ಬ್ಯಾಸಗಿ ಸೂಟಿ ಅದೊಂದ ಆಡಿ ಕಡೀಕ ಆ ಏಲಿಯನ್ ಹೃದಯಾ ಒಡದ್ವಿ, ಅವತ್ತ ಅವ್ವ ಮಂಡಕ್ಕಿ ಗಿರ್ಮಿಟ್ ಮಾಡಿದ್ದು ಸೈತ ನೆನಪೈತಿ. ಅರ್ಧಕ್ಕ ಬಿಡೋ ದಾರೀನ ಇರಲಿಲ್ಲರಿ, ಮುಗಸಬೇಕು ಇಲ್ಲಾ ಮೊದಲಿಂದ ಶುರು ಮಾಡಬೇಕು. ಸೇವ್ ಬಂದ ಮ್ಯಾಲ ನಮಗ ಬಿಟ್ಟು ಹೋಗೋ ಸವಲತ್ತು ಸಿಕ್ತು, ಮರಳಿ ಬರೋದನ್ನ ಮಾತ್ರ ಯಾರೂ ಕಲಿಸಲಿಲ್ಲ.

ಮರಳಿ ಬರೋದು ಎಷ್ಟ್ ಕಷ್ಟ ಅನ್ನೋದಕ್ಕ ನನ್ನ ವಿಚರ್ ತ್ರೀ ಕತಿ ಹೇಳ್ತೀನಿ. 2015ರ ಗೇಮು, ಪೋಲಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರು ಮಾಡಿದ್ದು, ಮುಖ್ಯ ಕತಿ ಅಷ್ಟ ಆಡಿದ್ರೂ ಐವತ್ತು ತಾಸಿನ ಮಾತು. ದಿನಾ ಒಂದ್ ತಾಸು ಸಿಗೋ ನನ್ನಂಥಾಕಿಗೆ ಅಂದ್ರ ಎರಡು ತಿಂಗಳ ಹತ್ರ ಹತ್ರ. ಅದರಾಗಿನ ವೆಲೆನ್ ಸೀಮಿ ಮುಗಿಸಿ ನೊವಿಗ್ರಾಡ್ ಶಹರ ಮುಟ್ಟಿ ಡ್ಯಾಂಡೆಲಿಯನ್ ಅನ್ನೋ ಹಾಡುಗಾರನ್ನ ಹುಡುಕ್ಕೋತ ಅಡ್ಡಾಡ್ತಿದ್ದೆ, ಅಷ್ಟರಾಗ ಕಾಲೇಜಿನ ಪರೀಕ್ಷಾ ಬಂತು, ವ್ಯಾಲ್ಯುವೇಶನ್ ಬಂತು, ಮಗಳಿಗೆ ಜ್ವರ ಬಂತು, ಎಂಟ್ ತಿಂಗಳು ಹೋತು. ಮತ್ತ ತಗದೆ. ಗೇಮ್ ಮಾಡಿದವರಿಗೆ ಮಂದಿ ಹಿಂಗ ಬಿಟ್ಟು ಬರ್ತಾರ ಅನ್ನೋದು ಗೊತ್ತೈತಿ, ಲೋಡ್ ಆಗೋವಾಗ ಡ್ಯಾಂಡೆಲಿಯನ್ ದನಿಯೊಳಗ ಇಲ್ಲೀತನಕ ಏನಾತು ಅಂತ ಕತಿ ಹೇಳಸ್ತಾರ. ಕತಿ ನೆನಪಿಗೆ ಬಂತು. ಕೈಗೆ ಬರಲಿಲ್ಲ! ಹೊಳಿ ದಂಡಿ ಮ್ಯಾಲ ಡ್ರೌನರ್ ಅನ್ನೋ ನೀರಿನ ಭೂತ ಎರಡು ಬಂದ್ವು, ಆಲ್ಟ್ ಒತ್ತಿದ್ರ ಸರಿಯೋದು, ಸ್ಪೇಸ್ ಒತ್ತಿದ್ರ ಉರುಳೋದು, ನಾ ಎರಡೂ ಅದಲು ಬದಲು ಮಾಡಿದೆ, ಕ್ವೆನ್ ಅಂತ ಮೈಗೆ ಕಾವಲು ಹಾಕ್ಕೊಳ್ಳೋದು ಒಂದೈತಿ ಅನ್ನೋದ ಮರತಿದ್ದೆ. ಮೂರು ಸಲ ಸತ್ತೆ, ಬಂದ್ ಮಾಡಿದೆ, ಮತ್ತೊಂದು ವರ್ಷ ಮುಟ್ಟಲಿಲ್ಲ.

ಅಂದ್ರ ಏನಾತು? ನೆನಪು ಎರಡು ನಮೂನಿ. ಕತೀದು ಒಂದು, ಕೈದು ಇನ್ನೊಂದು. ಕತೀದನ್ನ ಕೆಲವು ಗೇಮ್ ತಾವ ನೆನಪ ಮಾಡಿ ಕೊಡ್ತಾವ, 2004ರ ಪೋಕೆಮಾನ್ ಫೈರ್‌ರೆಡ್ ಗೇಮ್‌ಬಾಯ್ ಅಡ್ವಾನ್ಸ್‌ನ್ಯಾಗ ಬಂದಿದ್ದು, ಅದು ಸೈತ ನೀವು ತಗದ ಕೂಡ್ಲೇ ಹಿಂದಿನ ಸಲ ಏನೇನ ಮಾಡಿದ್ರಿ ಅಂತ ಕಪ್ಪು ಬಿಳುಪಿನ್ಯಾಗ ತೋರಸ್ತಿತ್ತು, ಎಷ್ಟ್ ಚಂದ ಕಾಳಜಿ ನೋಡ್ರಿ ಅದು. ಎಲ್ಡನ್ ರಿಂಗ್ ಇದರ ಉಲ್ಟಾ, ಯಾರು ಏನು ಹೇಳಿದ್ರು ಅಂತ ಒಂದ್ ಸಾಲೂ ಬರದಿಡೂದಿಲ್ಲ, ನೀವ ನೆನಪಿಟ್ಕೋಬೇಕು. ಕೈದನ್ನಂತೂ ಯಾವ ಗೇಮೂ ಸರಿಯಾಗಿ ವಾಪಸ್ ಕೊಡಂಗಿಲ್ಲ.

ಇದಕ್ಕ ನನಗ ದಾರಿ ಸಿಕ್ಕಿದ್ದು ನಮ್ಮಪ್ಪನ ಕಿರ್ದಿಯೊಳಗ. ಅಮರಗೋಳ ಎಪಿಎಂಸಿಯಾಗ ಅಪ್ಪಂದು ಕಾಳಿನ ಅಂಗಡಿ ಇತ್ತು, ರಾತ್ರಿ ಎಷ್ಟ ತಡಾ ಆಗಲಿ, ಶಟರ್ ಎಳಿಯೋಕಿಂತ ಮೊದಲು ಕಿರ್ದಿ ಬರೀದ ಏಳ್ತಿದ್ದಿಲ್ಲ, ಜಮಾ ಖರ್ಚು ಬರದು ಕೆಳಗ ನಾಕ್ ಮಾತು ಹಾಕ್ತಿದ್ದ, ಇಂಥವರದು ಎರಡು ಚೀಲ ಕಡ್ಲಿ ನಾಳೆ ಎತ್ತಬೇಕು, ತಕ್ಕಡಿ ತೋರಸಬೇಕು, ಹಿಂಗ. ಮುಂಜಾನೆ ಅಪ್ಪಗ ಜಡ್ಡಾಗಿ ಅಣ್ಣ ಅಂಗಡಿಗೆ ಹೋದ್ರೂ ಕೆಲಸ ನಿಲ್ತಿದ್ದಿಲ್ಲ, ಯಾಕಂದ್ರ ಅದು ಇನ್ನೊಬ್ಬರು ಓದಿದ್ರೂ ತಿಳೀಬೇಕು ಅಂತ ಬರದಿದ್ದು. ಎಂಟ್ ತಿಂಗಳ ಮ್ಯಾಲ ಬರೋ ನಾನೂ ಒಂದ್ ಲೆಕ್ಕಕ್ಕ ಇನ್ನೊಬ್ಬಾಕಿನ ಅಲ್ಲೇನ್ರಿ? ಆಕಿಗೆ ಏನೂ ಗೊತ್ತಿರಂಗಿಲ್ಲ, ಆಕಿಗೆ ಬರೀಬೇಕು.

ಒಂದ್ ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡೆ. ಆಟ ಬಂದ್ ಮಾಡೋ ಮೊದಲು ಐದ್ ನಿಮಿಷ, ನಾಕ ಸಾಲು. ಎಲ್ಲಿ ಅದೀನಿ, ನಾಳೆ ಮೊದಲು ಏನು ಮಾಡಬೇಕಂತಿದ್ದೆ, ಇವತ್ತ ಕೈ ಕಲತದ್ದು ಏನು, ಮತ್ತ ಬೇಕಂತ ಬಿಟ್ಟು ಬಂದಿದ್ದು ಏನು. ಒಂದು ಓದ್ತೀನಿ ಕೇಳ್ರಿ, ವಿಚರ್‌ದು, ಸ್ಕೆಲ್ಲಿಗ ಅಂದ್ರ ಅದರಾಗಿನ ದ್ವೀಪಗಳು: "ಸ್ಕೆಲ್ಲಿಗ ಮುಟ್ಟೇನಿ, ಹಡಗ ಒಡದು ದಂಡೀಗೆ ಬಿದ್ದಿದ್ದೆ. ನಾಳೆ ಕೇರ್ ಟ್ರೋಲ್ಡೆ ಕೋಟಿಗೆ ಹೋಗೋದು, ಊಟದ ಮನಿ ಐತಿ ಅಲ್ಲಿ. ಆಲ್ಟ್ ಸಣ್ಣವರಿಗೆ, ಸ್ಪೇಸ್ ದೊಡ್ಡ ಪ್ರಾಣಿಗೆ, ಜಗಳಕ್ಕ ಮೊದಲು ಕ್ವೆನ್. ಸಮುದ್ರದಾಗ ಕಾಣೋ ಪ್ರಶ್ನಾರ್ಥಕ ಚಿಹ್ನಿ ಎಲ್ಲಾ ಬಿಟ್ಟೀನಿ, ಮತ್ತ ಹುಡುಕಾಕ ಹೋಗಬ್ಯಾಡ." ಆ ನಾಕನೇ ಸಾಲು ಭಾಳ ಮುಖ್ಯರಿ. ಬಿಟ್ಟಿದ್ದನ್ನ ಬಿಟ್ಟೀನಿ ಅಂತ ಬರೀದಿದ್ರ ಅದು ತಲಿಯೊಳಗ ಬಾಕಿ ಅಂತ ಕುಂದರ್ತೈತಿ.

ಮುಂಜಾನೆ ಚಿಗರಿಯಾಗ ಉಣಕಲ್ ದಾಟೋವಾಗ ಅದನ್ನ ಓದ್ತೀನಿ. ರಾತ್ರಿ ಕುಂದರೋತನಕ ಆಟ ಒಳಗ ಬೆಚ್ಚಗ ಇರ್ತೈತಿ, ಕುಂತ ಕೂಡ್ಲೇ ಕೈ ನಡೀತೈತಿ.

ಭಾಳ ದಿನದ ಹಿಂದ ಬಿಟ್ಟದ್ದು, ನೋಟ್ಸ್ ಇಲ್ಲದ್ದು ಇದ್ರ ಹೆಂಗ? ಬಿಟ್ಟ ಜಾಗಾದಿಂದ ಶುರು ಮಾಡಬ್ಯಾಡ್ರಿ. ನಾ ವಿಚರ್‌ನ್ಯಾಗ ಮೊದಲ ಊರು ವೈಟ್ ಆರ್ಚರ್ಡ್‌ಗೆ ವಾಪಸ್ ಹೋದೆ, ಅಲ್ಲಿ ವೈರಿಗಳು ಹಗುರ, ಎರಡು ಸಂಜೀ ಅಲ್ಲೇ ಕೈ ಪಳಗಿಸಿದೆ, ಡಿಫಿಕಲ್ಟಿ ಎಲ್ಲಾಕಿಂತ ಕೆಳಗ ಇಳಿಸಿ. ಹಂಗ ಇಳಸೋದು ಸೋಲು ಅನ್ನೋವ್ರಿಗೆ ಒಂದು ಮಾತು. ಕಾಂಟ್ರಾದಾಗ ಮ್ಯಾಲ ಮ್ಯಾಲ ಕೆಳಗ ಕೆಳಗ ಎಡ ಬಲ ಎಡ ಬಲ ಬಿ ಎ ಒತ್ತಿ ಮೂವತ್ತು ಜೀವ ತಗೋತಿದ್ವಲ್ಲ, ಆ ಕೋಡ್ ಹುಟ್ಟಿದ್ದು 1986ರಾಗ ಗ್ರೇಡಿಯಸ್ ಅನ್ನೋ ಗೇಮಿನ್ಯಾಗ. ಆ ಗೇಮನ್ನ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್ ಮಶೀನಿಗೆ ತರೋ ಕೆಲಸ ಮಾಡಿದ ಕಝುಹಿಸಾ ಹಾಶಿಮೊಟೊ ಅವರಿಗೆ ಟೆಸ್ಟ್ ಮಾಡೋವಾಗ ಅದು ಮುಗಸಾಕ ಆಗ್ತಿದ್ದಿಲ್ಲ, ಅಷ್ಟು ಕಠಿಣ, ತಮ್ಮ ಸಲುವಾಗಿ ಹಾಕ್ಕೊಂಡ ಕೋಡ್ ಅದು. ಮಾಡಿದವರ ಹಂಗ ಮಾಡ್ಯಾರ, ನಾವು ಯಾಕ ನಾಚಬೇಕು? 2018ರ ಸೆಲೆಸ್ಟ್ ಅನ್ನೋ ಗೇಮಿನ್ಯಾಗ ಅಸಿಸ್ಟ್ ಮೋಡ್ ಅಂತ ನೇರ ಮೆನ್ಯೂದಾಗ ಇಟ್ಟಾರ, ಆಟದ ಸ್ಪೀಡ್ ಕಡಿಮಿ ಮಾಡ್ಕೋಬಹುದು. ದಣದು ಬಂದ ಮನಷ್ಯಾಗ ಅದು ದೊಡ್ಡ ಆಸರ.

ಆ ಮೂವತ್ತೇಳರಾಗ ಹದಿನಾರು ಬಿಟ್ಟುಬಿಟ್ಟೆ. ಸ್ಟೀಮ್‌ನ್ಯಾಗ ವಾಪಸ್ ಕೊಡೋ ನಿಯಮ ಐತಲ್ಲ, ಹದಿನಾಲ್ಕು ದಿನದೊಳಗ, ಎರಡು ತಾಸಿಗಿಂತ ಕಡಿಮಿ ಆಡಿರಬೇಕು ಅಂತ, ನನ್ನವು ಆ ಗಡುವು ಎಂದೋ ದಾಟಿದ್ವು, ಆದ್ರ ಆ ಎರಡು ತಾಸಿನ ಅಳತಿ ನಂಗ ಚಲೋ ಅನಿಸ್ತು. ಎರಡು ತಾಸು ಪ್ರೀತೀಲೆ ಆಡ್ತೀನಿ, ಆಗಲಿಲ್ಲಂದ್ರ ನೋಟ್‌ಬುಕ್ಕಿನ್ಯಾಗ ಯಾಕ ಬಿಟ್ಟೆ ಅಂತ ಒಂದ್ ಸಾಲು ಬರದು ಮುಚ್ಚತೀನಿ.

ಯಾವುದು ಮೊದಲು ಅಂತ ಕೇಳ್ತಾರ ಹುಡುಗೂರು. ಕಂಪನಿಯವರ ಸರ್ವರ್ ಬಂದಾದ್ರ ಆಡಾಕ ಬರದಂಥಾವು ಮೊದಲು. 2014ರಾಗ ಬಂದ ದಿ ಕ್ರೂ ಅನ್ನೋ ಕಾರ್ ಗೇಮು 2024ರ ಮಾರ್ಚ್ 31ಕ್ಕ ಸರ್ವರ್ ಬಂದ್ ಆಗಿ ರೊಕ್ಕಾ ಕೊಟ್ಟು ತಗೊಂಡವರಿಗೂ ಇಲ್ಲದಂಗ ಹೋತು, ಅದರ ಮ್ಯಾಲ ಮಂದಿ ಚಳವಳಿನ ಶುರು ಮಾಡಿದ್ರು. ಅದು ನನ್ನ ಪ್ರಕಾರ ಖರೇ ಅನ್ಯಾಯ, ಈ ಮಾತನ್ನ ಇಲ್ಲಿಗ ಬಿಡೂದಿಲ್ಲ, ಇನ್ನೊಂದಿನ ಪೂರ್ತಿ ಮಾತಾಡೋಣು.

ಅದರ ಮ್ಯಾಲ ಸಣ್ಣ ಗೇಮು. ಎರಡು ದೊಡ್ಡ ಗೇಮಿನ ನಡುವ ಒಂದು ಸಣ್ಣದು ಆಡ್ರಿ, ಮುಗಿಸಿದ್ದರ ರುಚಿ ನಾಲಿಗಿಗೆ ಮತ್ತ ಹತ್ತತೈತಿ. ನಾ ವೆನ್ಬಾ ಆಡಿದೆ, 2023ರದು, ಟೊರೊಂಟೊದಾಗ ಮಾಡಿದ್ದು, ತಮಿಳುನಾಡಿಂದ ಕೆನಡಾಕ್ಕ ಹೋದ ಒಂದ್ ಮನಿತನದ ಕತಿ, ತಾಯಿ ಕೊಟ್ಟ ಅಡಗಿ ಪುಸ್ತಕ ಹರದೈತಿ, ಅಳಿಸಿದ ಜಾಗಾ ನೀವ ಊಹಾ ಮಾಡಿ ಅಡಗಿ ಮಾಡಬೇಕು. ಒಂದೂವರಿ ತಾಸಿನ್ಯಾಗ ಮುಗೀತೈತಿ. ನಾ ಇಡ್ಲಿ ತಟ್ಟಿ ಹೆಂಗ ಒಂದರ ಮ್ಯಾಲ ಒಂದು ಇಡೋದು ಅಂತ ತಿಣುಕ್ಯಾಡ್ತಿದ್ದೆ, ಹಿಂದ ಅವ್ವ ನೀರ ಕುಡ್ಯಾಕ ಎದ್ದು ಬಂದಾಕಿ ನಿಂತು ನೋಡಿ, "ಏ ಹಂಗಲ್ಲವಾ, ತಿರುವಿ ಇಡು, ಉಗಿ ಆಡಬೇಕಲ್ಲ" ಅಂದ್ಲು. ಸರಿ ಇತ್ತು. ಕುರ್ಚಿ ಎಳ್ಕೊಂಡು ಕುಂತಾಕಿ ಮುಗಿಯೋತನಕ ಏಳಲಿಲ್ಲ. ಗೇಮಿನ್ಯಾಗ ಆ ಮನಿತನದ ಮಗ ದೊಡ್ಡವಾದಂಗ ಮನಿ ಮಾತು ಬಿಡ್ತಾ ಹೋಗ್ತಾನ, ತಾಯಿ ಕೇಳಿದ್ದಕ್ಕ ಇಂಗ್ಲೀಷಿನ್ಯಾಗ ಉತ್ತರ ಕೊಡ್ತಾನ, ಅದನ್ನ ನೋಡಿ ಅವ್ವ ಸೆರಗಿಲೆ ಕಣ್ಣ ಒರಸ್ಕೊಂಡ್ಲು, ಅಣ್ಣ ಪರದೇಶದಾಗ ಇದ್ದು ಹನ್ನೊಂದು ವರ್ಷ ಆತು, ಆತನ ಮಕ್ಕಳು ಫೋನಿನ್ಯಾಗ ಅವ್ವನ ಕೂಡ ನಾಕ್ ಮಾತು ಆಡಾಕ ಒದ್ದಾಡ್ತಾವ. ಆ ಗೇಮನ್ನ ನಾ ಎರಡು ವರ್ಷ ಲೈಬ್ರರಿಯೊಳಗ ಇಟ್ಟಿದ್ದೆ ಅನ್ನೋದು ನೆನಸಿದ್ರ ಮನಸ್ಸಿಗೆ ಹತ್ತತೈತಿ. ಮರುದಿನ ರಾತ್ರಿ ಅವ್ವ ತಾನ ಬಂದು ಇನ್ನ್ಯಾವುದೈತಿ ಅಂತ ಕೇಳಿದ್ಲು.

ವಿಚರ್ ಹೋದ ತಿಂಗಳು ಮುಗೀತು. ಉಳದದ್ದು ಈಗ ಹದಿಮೂರು.

ನೋಟ್‌ಬುಕ್ ತಂದೀನಿ, ಮುಂದಿನ ಸಾಲಿನಿಂದ ದಾಟಸ್ಕೋತ ಹಿಂದಿನವರಿಗೂ ಮುಟ್ಟಲಿ, ಫೋಟೋ ತಗೋಬೇಕಂದ್ರ ತಗೋರಿ. ಕಡೀಗೆ ನಾಕ್ ಪೇಜಿಗೆ ಸ್ಟೇಪಲ್ ಹೊಡದೀನಿ, ಅದು ವಿಚರ್ ಕಡೀ ಭಾಗ, ಆಡದವರು ಬಿಚ್ಚಬ್ಯಾಡ್ರಿ. ಸೋಮವಾರ ಮುಂಜಾನೆ ಬಸ್ಸಿನ್ಯಾಗ ನಂಗ ಅದು ಬೇಕು, ಹೋಗೋವಾಗ ಮೇಜಿನ ಮ್ಯಾಲ ಇಟ್ಟು ಹೋಗ್ರಿ.