ನಿಮಿಷಕ್ಕೆ ಅರವತ್ತು ಪದ, ಅದೂ ಕನ್ನಡದಲ್ಲಿ

ನಮಸ್ಕಾರ. ಒಂದು ವಾಕ್ಯ ಹೇಳ್ತೀನಿ, ಪದ ಎಣಿಸಿ. “ಅವನು ಮನೆಯಲ್ಲಿದ್ದ.” ಎರಡು. ಇದನ್ನೇ ಹಿಂದಿಯಲ್ಲಿ ಹೇಳಿದ್ರೆ “ವಹ್ ಘರ್ ಮೇಂ ಥಾ”. ನಾಲ್ಕು. ಕನ್ನಡದ “ಮನೆಯಲ್ಲಿದ್ದ” ಅನ್ನೋ ಒಂದೇ ಪದದಲ್ಲಿ ಐದು ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು. ಇದನ್ನ ಓದೋ ಮೂರನೇ ಕ್ಲಾಸಿನ ಹುಡುಗಿಗೂ ಹಿಂದಿ ಓದೋ ಹುಡುಗಿಗೂ ಗುರಿ ಮಾತ್ರ ಒಂದೇ: ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಸಮೇತ.

ಇದು ನಿಪುಣ ಭಾರತದ ಗುರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 2021ರ ಜುಲೈ 5ರಂದು ಕೇಂದ್ರ ಶಿಕ್ಷಣ ಸಚಿವಾಲಯ ಶುರು ಮಾಡಿದ ಕಾರ್ಯಕ್ರಮ. ಮೂರನೇ ಕ್ಲಾಸು ಮುಗಿಸೋ ಹೊತ್ತಿಗೆ ದೇಶದ ಪ್ರತಿ ಮಗುವಿಗೂ ಬುನಾದಿ ಸಾಕ್ಷರತೆ, ಸಂಖ್ಯಾಜ್ಞಾನ ಬಂದಿರಬೇಕು. ಅದಕ್ಕೆ ಇಟ್ಟ ಗಡುವು 2026–27. ಈ ಬುನಾದಿ ಕಲಿಕೆಯ ಇಂಗ್ಲಿಷ್ ಹೆಸರನ್ನ ಚಿಕ್ಕದು ಮಾಡಿ ಶಾಲೆಗಳಲ್ಲಿ ಎಫ್‌ಎಲ್‌ಎನ್ ಅಂತಾರೆ. ಗುರಿಗಳನ್ನ ಬೇಗ ಹೇಳಿಬಿಡ್ತೀನಿ. ಒಂದನೇ ಕ್ಲಾಸಿಗೆ, ನಾಲ್ಕೈದು ಸರಳ ಪದಗಳ ವಾಕ್ಯ ಓದೋದು, 99ರವರೆಗೆ ಸಂಖ್ಯೆ, ಸರಳ ಕೂಡೋದು ಕಳೆಯೋದು. ಎರಡನೇ ಕ್ಲಾಸಿಗೆ ನಿಮಿಷಕ್ಕೆ 45ರಿಂದ 60 ಪದ, 999ರವರೆಗೆ ಸಂಖ್ಯೆ, 99ರ ಒಳಗಿನ ವ್ಯವಕಲನ. ಮೂರನೇ ಕ್ಲಾಸಿಗೆ ಆಗಲೇ ಹೇಳಿದ 60 ಪದ, 9999ರವರೆಗೆ ಸಂಖ್ಯೆ, ಸರಳ ಗುಣಾಕಾರದ ಲೆಕ್ಕ.

ನಾನು ಈ ಗುರಿಗಳ ವಿರೋಧಿ ಅಲ್ಲ. ಐದನೇ ಕ್ಲಾಸಿಗೆ ಬಂದ ಮಗುವಿಗೆ ಓದೋಕೆ ಬರಲ್ಲ ಅಂತ ಗೊತ್ತಾಗೋದಕ್ಕಿಂತ ಎರಡನೇ ಕ್ಲಾಸಲ್ಲೇ ಗೊತ್ತಾಗೋದು ಮೇಲು. ನನ್ನ ತಕರಾರು ಬೇರೆ. ಅಳತೆ ಮಾಡಿದ ಮಾರನೇ ದಿನ ಕ್ಲಾಸಲ್ಲಿ ಏನೂ ಬದಲಾಗಲಿಲ್ಲ ಅಂದ್ರೆ ಆ ಅಳತೆ ಮಾಡಿದ್ದು ಮಗುವಿಗಲ್ಲ, ಕಡತಕ್ಕೆ. ಬಹಳ ಕಡೆ ಆಗ್ತಿರೋದು ಅದೇ. ಅಂಕಿ ಮೊಬೈಲಿಗೆ ಹೋಗುತ್ತೆ, ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋ ಸಿಆರ್‌ಪಿಗೆ ಹೋಗುತ್ತೆ, ಕ್ಷೇತ್ರ ಶಿಕ್ಷಣಾಧಿಕಾರಿಯ ಅಂದ್ರೆ ಬಿಇಒ ಆಫೀಸಿಗೆ ಹೋಗುತ್ತೆ. ಮಗು ಕೂತ ತಟ್ಟೆ ಮಾತ್ರ ಅದೇ ತಟ್ಟೆ.

ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ತಟ್ಟೆ ಅಂದ್ರೆ ಮಕ್ಕಳು ಗುಂಪಾಗಿ ಕೂರೋ ಜಾಗ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಭಾಗಶಃ, ಮತ್ತೊಂದು ತಟ್ಟೆಯಲ್ಲಿ ಮಕ್ಕಳೇ ಒಬ್ಬರಿಗೊಬ್ಬರು, ಕೊನೆಯದರಲ್ಲಿ ಮಗು ತಾನೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂರ್ತಾರೆ. ಕಲಿಯೋದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗಕ್ಕೆ ಹತ್ತುತ್ತೆ. ಹದಿನೈದು ದಿನ ಜ್ವರ ಬಂದು ಮಲಗಿದ್ರೂ ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತೆ. ಇದರ ಮೇಲೆ ಈಗ “ಇಂಥ ಕ್ಲಾಸಿಗೆ ಇಷ್ಟು” ಅನ್ನೋ ರಾಷ್ಟ್ರೀಯ ಗುರಿ ಬಂದು ಕೂತಿದೆ. ಎರಡೂ ಜಗಳ ಆಡಬೇಕಾಗಿಲ್ಲ. ಆದ್ರೆ ನಾವು ಜಗಳ ಹಚ್ಚಿದ್ದೀವಿ, ಗೋಡೆಗೆ ಇನ್ನೊಂದು ಚಾರ್ಟ್ ನೇತುಹಾಕಿ. ಅದರ ಬದಲು ಏಣಿಯ ಯಾವ ಮೈಲಿಗಲ್ಲು ದಾಟಿದ್ರೆ ಒಂದನೇ ಕ್ಲಾಸಿನ ಗುರಿ ಮುಟ್ಟಿದ ಹಾಗೆ, ಯಾವುದಕ್ಕೆ ಎರಡನೇದು ಅಂತ, ಪ್ರತಿ ಮಗು ಎಲ್ಲಿದೆ ಅಂತ ಗುರುತು ಹಾಕೋ ಪ್ರಗತಿ ನೋಟದಲ್ಲೇ ಕೆಂಪು ಗೆರೆ ಎಳೀರಿ. ಮುಗೀತು.

ಈಗ ಓದಿಸೋ ಕೆಲಸಕ್ಕೆ ಬರೋಣ. ಎಲ್ಲ ಕೆಡೋದೂ ಸರಿಹೋಗೋದೂ ಇಲ್ಲೇ.

ಒಂದು ಕ್ಲಾಸಲ್ಲಿ 28 ಮಕ್ಕಳು ಅನ್ಕೊಳ್ಳಿ. ಒಬ್ಬೊಬ್ಬರನ್ನೇ ಓದಿಸಿ ಅಳೆಯೋಕೆ ಐದು ನಿಮಿಷ ಅಂದ್ರೂ 140 ನಿಮಿಷ. ಒಂದೇ ದಿನ ಮುಗಿಸೋಕೆ ಹೋದ್ರೆ ಉಳಿದ ಮಕ್ಕಳು ಎರಡೂ ಕಾಲು ಗಂಟೆ ಗದ್ದಲ ಮಾಡ್ತಾರೆ, ಕೊನೆಯ ಹತ್ತು ಮಕ್ಕಳ ಓದು ನಿಮ್ಮ ಕಿವಿಗೆ ಬೀಳೋದೇ ಇಲ್ಲ. ದಿನಕ್ಕೆ ಐದು ಮಕ್ಕಳು, ಆರು ದಿನ. ಜೂನ್‌ನಲ್ಲಿ ಹೇಗೂ ಹಿಂದಿನ ಕ್ಲಾಸಿನ ಕಲಿಕೆಯನ್ನ ಸರಿಮಾಡೋ ಸೇತುಬಂಧ ಇರುತ್ತೆ, ಮಗುವಿಗೆ ಏನು ಬರುತ್ತೆ ಏನು ಬರಲ್ಲ ಅಂತ ನೋಡೋ ನೈದಾನಿಕ ಪರೀಕ್ಷೆ ಮಾಡಲೇಬೇಕು. ಇದನ್ನ ಅದರೊಳಗೇ ಸೇರಿಸಿ. ಎರಡು ಪರೀಕ್ಷೆ ಬೇಡ.

ಓದಿಸೋ ಭಾಗ ಮಗು ಹಿಂದೆ ನೋಡಿರಬಾರದು. ಪಠ್ಯಪುಸ್ತಕದ ಪಾಠ ಅಂತೂ ಬೇಡವೇ ಬೇಡ. ನಮ್ಮ ಮಕ್ಕಳು ಸಾಮೂಹಿಕವಾಗಿ ಹೇಳಿ ಹೇಳಿ ಇಡೀ ಪಾಠ ಬಾಯಿಪಾಠ ಮಾಡಿಕೊಂಡಿರ್ತಾರೆ. ಪುಸ್ತಕ ತಲೆಕೆಳಗಾಗಿ ಹಿಡಿದ್ರೂ ಓದ್ತಾರೆ. ಅನುಮಾನ ಬಂದ್ರೆ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಮಗು ಸಾಲಿನ ಶುರುವಿಗೆ ಹೋಗಿ ಅಲ್ಲಿಂದ ಹೇಳಿಕೊಂಡು ಬಂದ್ರೆ, ಅದು ಓದು ಅಲ್ಲ, ನೆನಪು.

ಮಗು ಓದೋ ಹಾಳೆ ಒಂದು, ಗುರುತು ಹಾಕೋಕೆ ಅದರದೇ ನಕಲು ನಿಮ್ಮ ಕೈಲಿ. ಮೊದಲ ಪದ ಬಾಯಿಗೆ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, “ಶುರು ಮಾಡು” ಅಂದಾಗ ಅಲ್ಲ. ತಪ್ಪಿದ ಪದದ ಮೇಲೆ ಗೀಟು. ಒಂದೇ ಪದಕ್ಕೆ ಮೂರು ಸೆಕೆಂಡ್ ನಿಂತುಬಿಟ್ರೆ ಮುಂದಿನ ಪದ ತೋರಿಸಿ. ತಾನೇ ತಿದ್ದಿಕೊಂಡ್ರೆ ಅದು ಸರಿ. ನಿಮಿಷ ಆದಾಗ ನಿಂತ ಜಾಗಕ್ಕೆ ಒಂದು ಅಡ್ಡಗೆರೆ. ಓದಿದ ಪದ 48, ಗೀಟು 6, ಸರಿ ಪದ 42. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಗೀಟು ಬಿದ್ರೆ ಆ ಭಾಗ ಆ ಮಗುವಿಗೆ ಭಾರ. ಇನ್ನೂ ಸುಲಭದ್ದು ಕೊಡಿ.

ಇಲ್ಲಿವರೆಗೆ ಎಲ್ಲರೂ ಮಾಡ್ತಾರೆ. 42 ಅಂತ ಬರೆದು ಹಾಳೆ ಎತ್ತಿಡ್ತಾರೆ. ನಿಜವಾದ ಮಾಲು ಇರೋದು ಆ ಆರು ಗೀಟಿನಲ್ಲಿ.

“ಅಜ್ಜಿ ಸಂತೆಯಿಂದ ಬೆಲ್ಲ ತಂದಳು.” ಮಗು ಓದಿದ್ದು: “ಅಜಿ ಸಂತೆಯಿಂದ ಬೆಲ ತಂದಳು.” ಗಮನಿಸಿ, ಕಷ್ಟದ ಪದ ಅಂತ ನಾವು ಅನ್ಕೊಳ್ಳೋ “ಸಂತೆಯಿಂದ” ಸಲೀಸಾಗಿ ಬಂತು. ಅನುಸ್ವಾರ ಬರುತ್ತೆ, ಗುಣಿತಾಕ್ಷರ ಬರುತ್ತೆ. ಬಿದ್ದುಹೋಗಿದ್ದು ಒತ್ತು ಮಾತ್ರ. ಈ ಮಗುವಿಗೆ ಮತ್ತೆ ಕಾಗುಣಿತ ತಿದ್ದಿಸಿದ್ರೆ ಒಂದು ತಿಂಗಳು ದಂಡ. ಬೇಕಾಗಿರೋದು ಸಜಾತಿ ಒತ್ತಕ್ಷರ: ಅಕ್ಕ, ಅಣ್ಣ, ಹಣ್ಣು, ಬೆಲ್ಲ, ಹಗ್ಗ. ಎಲ್ಲ ಮನೆಯ ಪದಗಳು, ಬಾಯಿಗೆ ಮೊದಲೇ ಗೊತ್ತಿರೋವು. “ಬೆಲ” ಅಂತ ಓದಿ “ಬೆಲ” ಅಂದ್ರೆ ಏನು ಅಂತ ಕೇಳಿದ್ರೆ ಮಗುವೇ ನಕ್ಕು ಸರಿಮಾಡಿಕೊಳ್ಳುತ್ತೆ. ವಿಜಾತಿ ಒತ್ತು ಆಮೇಲೆ: ಪುಸ್ತಕ, ಚಕ್ರ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ಯಾಕಂದ್ರೆ ಅದು ಕನ್ನಡದ ಒಂದು ತುಂಟತನ. ಉಚ್ಚಾರದಲ್ಲಿ ರ್ ಮೊದಲು, ಬರವಣಿಗೆಯಲ್ಲಿ ಆಮೇಲೆ. “ಸೂರ್ಯ”ನನ್ನ ಮಗು “ಸೂಯರ” ಅಂತ ಓದಿದ್ರೆ ಕಣ್ಣಿಗೆ ಕಂಡ ಸಾಲಿನಲ್ಲೇ ಓದಿದೆ, ಪಾಪ. ಅದನ್ನ ಅಜಾಗರೂಕತೆ ಅಂತ ಬೈಯೋದು ತಪ್ಪು.

ಇನ್ನೊಂದು. ಹಳೇ ಮೈಸೂರು ಕಡೆಯ ಮಗು “ಹಾಲು” ಅನ್ನೋದನ್ನ “ಆಲು” ಅಂತ ಓದುತ್ತೆ. ಗೀಟು ಹಾಕಬೇಡಿ. ಲೋಟಕ್ಕೆ ಏನು ಹಾಕ್ತಾರೆ ಅಂತ ಅದಕ್ಕೆ ಗೊತ್ತು. ಅದು ಮನೆಮಾತಿನ ಉಚ್ಚಾರ, ಓದಿನ ತಪ್ಪಲ್ಲ. ಮನೆಯಲ್ಲಿ ಲಂಬಾಣಿಯೋ ತುಳುವೋ ಉರ್ದುವೋ ಮಾತಾಡೋ ಮಗುವಿಗೆ ಇದರ ಉಲ್ಟಾ ಎಚ್ಚರ ಬೇಕು: ಒಂದೂ ಗೀಟು ಬೀಳದಂತೆ ಓದಿಬಿಡುತ್ತೆ, ಒಂದು ಪದದ ಅರ್ಥವೂ ತಿಳಿದಿರಲ್ಲ. ಅದಕ್ಕೇ ಓದಿದ ಮೇಲೆ ನಾಲ್ಕು ಪ್ರಶ್ನೆ. “ಬೆಲ್ಲ ಎಲ್ಲಿಂದ ಬಂತು?” ಅನ್ನೋದು ಹಾಳೆಯಲ್ಲೇ ಇದೆ. “ಅಜ್ಜಿ ಬೆಲ್ಲದ ಡಬ್ಬಿ ಅಟ್ಟದ ಮೇಲೆ ಯಾಕಿಟ್ಟಳು?” ಅನ್ನೋದಕ್ಕೆ ಯೋಚಿಸಬೇಕು. ಹೌದು–ಇಲ್ಲ ಅಂತ ಉತ್ತರ ಬರೋ ಪ್ರಶ್ನೆ ಕೇಳಲೇಬೇಡಿ. ನಿಮ್ಮ ಮುಖ ನೋಡಿ ಉತ್ತರ ಹೇಳ್ತಾರೆ. ಉತ್ತರ ಮನೆಮಾತಿನಲ್ಲಿ ಬಂದ್ರೂ ತಗೊಳ್ಳಿ. ನಾವು ನೋಡ್ತಿರೋದು ಅರ್ಥ ಆಯ್ತಾ ಅಂತ.

ವೇಗದ ವಿಚಾರಕ್ಕೆ ವಾಪಸ್ ಬರ್ತೀನಿ. ಪದ ಎಣಿಸೋದು ಎಲ್ಲ ಭಾಷೆಗೂ ಒಂದೇ ಅಲ್ಲ ಅನ್ನೋದು ದಿಲ್ಲಿಗೂ ಗೊತ್ತಿದೆ. 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ ಮೂರನೇ ಕ್ಲಾಸಿನ ಮಕ್ಕಳನ್ನ ಒಬ್ಬೊಬ್ಬರಾಗಿ ಕೂರಿಸಿ ಬುನಾದಿ ಕಲಿಕೆಯ ಅಧ್ಯಯನ ಮಾಡಿದಾಗ 20 ಭಾಷೆಗಳಿಗೆ ಬೇರೆ ಬೇರೆ ಮಟ್ಟ ಗೊತ್ತು ಮಾಡ್ತು. ಆದ್ರೆ ಶಾಲೆಯ ಗೋಡೆ ಮೇಲಿನ ಪೋಸ್ಟರ್‌ನಲ್ಲಿ ಉಳಿದಿರೋದು ಅದೇ 60. ನನ್ನ ಮಾತು ಕೇಳೋದಾದ್ರೆ, ಆ ಅಂಕಿ ನಿಮ್ಮ ಡೈರಿಯಲ್ಲಿರಲಿ. ಕ್ಲಾಸಲ್ಲಿ ಗಟ್ಟಿಯಾಗಿ ಹೇಳಬೇಡಿ. ಹೇಳಿದ ದಿನದಿಂದ ಮಕ್ಕಳು ಪೂರ್ಣವಿರಾಮಕ್ಕೆ ನಿಲ್ಲೋದು ಬಿಟ್ಟು ಬಸ್ ಕಂಡಕ್ಟರ್ ಊರಿನ ಹೆಸರು ಕೂಗಿದ ಹಾಗೆ ಓದೋಕೆ ಶುರು ಮಾಡ್ತಾರೆ.

ಗಣಿತದಲ್ಲಿ ಗಡಿಯಾರದ ಕಾಟ ಇಲ್ಲ. ಅಲ್ಲಿ ಕಾಟ ಬೇರೆ. “ನೂರ ಐದು ಬರಿ” ಅಂದ್ರೆ 1005 ಬರೀತಾರೆ. ಕೇಳಿದ್ದನ್ನ ಕೇಳಿದ ಹಾಗೇ ಬರೆದಿದ್ದಾರೆ, ನೂರು, ಆಮೇಲೆ ಐದು. 52ರಲ್ಲಿ 27 ಕಳಿ ಅಂದ್ರೆ 35. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು ಕೈತೊಳೆದುಕೊಂಡ್ರು. ಎರಡಕ್ಕೂ ಬೇರು ಒಂದೇ, ಸ್ಥಾನಬೆಲೆ. ಮದ್ದೂ ಒಂದೇ, ಕಡ್ಡಿಕಟ್ಟು. ತೆಂಗಿನ ಪೊರಕೆ ಕಡ್ಡಿ ಸಾಕು, ಇಬ್ಬರಿಗೆ 100, ಹತ್ತು ರಬ್ಬರ್ ಬ್ಯಾಂಡ್. ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡು ಅಂದ್ರೆ ಇಲ್ಲ. ಒಂದು ಕಟ್ಟು ಬಿಚ್ಚು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ರೆ ಐದು ಉಳೀತು, ಎರಡು ಕಟ್ಟು ಕೊಟ್ರೆ ಎರಡು ಕಟ್ಟು ಉಳೀತು. 25. ಪ್ರತಿ ಹೆಜ್ಜೆಗೂ ಪಕ್ಕದಲ್ಲೇ ಸ್ಲೇಟಿನ ಮೇಲೆ ಬರೀಬೇಕು. ಕಡ್ಡಿ ಒಂದು ದಿನ, ಸ್ಲೇಟು ಇನ್ನೊಂದು ದಿನ ಮಾಡಿದ್ರೆ ಮಗುವಿನ ತಲೆಯಲ್ಲಿ ಅವೆರಡೂ ಬೇರೆ ಬೇರೆ ಆಟ. ಶಿಕ್ಷಕರು ಮುಂದೆ ನಿಂತು ಮಾಡಿ ತೋರಿಸೋದೂ ದಂಡ. ಬಿಚ್ಚೋ ಕೈ ಮಗುವಿನದಾಗಿರಬೇಕು. ಮತ್ತೆ “ಪಕ್ಕದ ಮನೆಯಿಂದ ಸಾಲ ತಗೋ” ಅನ್ನೋ ಮಾತು ಬಿಟ್ಟುಬಿಡಿ. ತೀರಿಸೋದು ಯಾವಾಗ ಮಿಸ್ ಅಂತ ಕೇಳೋ ಮಗು ಪ್ರತಿ ಕ್ಲಾಸಲ್ಲೂ ಒಂದಿರುತ್ತೆ, ಅದರ ಪ್ರಶ್ನೆ ನ್ಯಾಯವಾದದ್ದೇ.

ಈಗ ಅಹಿತವಾದ ಭಾಗ. ಗೆರೆ ಎಳೆದ ಕಡೆಯೆಲ್ಲ ಗೆರೆಗೆ ತಕ್ಕ ಅಂಕಿ ಹುಟ್ಟುತ್ತೆ. ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ 40 ಪದ ಓದಿಸೋ ಪರೀಕ್ಷೆ ಇದೆ. ಪಾಸಾಗೋಕೆ 32 ಬೇಕು ಅಂತ ಮೊದಲೆರಡು ವರ್ಷ ಶಿಕ್ಷಕರಿಗೆ ಮೊದಲೇ ಗೊತ್ತಿತ್ತು. ಫಲಿತಾಂಶ ಬಂದಾಗ 31 ತಗೊಂಡವರು ವಿರಳ, 32 ತಗೊಂಡವರು ರಾಶಿ. 2014ರಿಂದ ಪರೀಕ್ಷೆ ಮುಗಿಯೋವರೆಗೆ ಗೆರೆ ಎಲ್ಲಿದೆ ಅಂತ ಹೇಳೋದನ್ನೇ ನಿಲ್ಲಿಸಿದ್ರು. ಅಲ್ಲಿನ ಶಿಕ್ಷಕರು ಮೋಸಗಾರರು ಅಂತಲ್ಲ. ಅನುಮಾನದ ಒಂದು ಪದವನ್ನ ಮಗುವಿನ ಪರ ಕೇಳಿಸಿಕೊಳ್ಳೋದು ಮನುಷ್ಯ ಸ್ವಭಾವ. ನ್ಯೂಜಿಲೆಂಡ್ 2010ರಲ್ಲಿ ಓದು, ಬರಹ, ಗಣಿತಕ್ಕೆ ರಾಷ್ಟ್ರೀಯ ಮಾನದಂಡ ತಂದು 2017ರ ಕೊನೆಗೆ ಕೈಬಿಟ್ಟಿತು.

ನಮ್ಮಲ್ಲಿ ಆಗೋ ಸುಳ್ಳು ಇನ್ನೂ ಸದ್ದಿಲ್ಲದ್ದು. ಕಬ್ಬು ಕಡಿಯೋಕೆ ಗುಳೆ ಹೋದ ಅಪ್ಪ ಅಮ್ಮನ ಜೊತೆ ಹೋದ ಮಗು ಲೆಕ್ಕದಿಂದಲೇ ಬಿದ್ದುಹೋಗುತ್ತೆ. ಹಾಜರಿದ್ದ 22ರಲ್ಲಿ 16 ಮಕ್ಕಳು ಮುಟ್ಟಿದ್ದಾರೆ ಅಂತ ವರದಿ. ದಾಖಲಾತಿ 28 ಇದ್ರೆ 28ರಲ್ಲಿ 16 ಅಂತಲೇ ಬರೀರಿ. ಗುಳೆ ಹೋದ ಆರು ಮಕ್ಕಳನ್ನ ವಾಪಸ್ ಬಂದ ವಾರವೇ ಓದಿಸಿ.

ಮೇಲಿನವರು ಶೇಕಡಾವಾರು ಕೇಳಿದಾಗ ಇನ್ನೊಂದು ಆಗುತ್ತೆ: 50–55 ಪದದಲ್ಲಿ ನಿಂತ ಐದಾರು ಮಕ್ಕಳ ಮೇಲೆ ಎಲ್ಲರ ಕಣ್ಣು. ಅವರನ್ನ ಗೆರೆ ದಾಟಿಸಿದ್ರೆ ಶಾಲೆಯ ಅಂಕಿ ನೆಗೆಯುತ್ತೆ. ಹತ್ತು ಪದದಲ್ಲಿ ನಿಂತ ಮಗುವನ್ನ ಮೂವತ್ತಕ್ಕೆ ತಂದ್ರೆ ಅದಕ್ಕಿಂತ ದೊಡ್ಡ ಕೆಲಸ, ಆದ್ರೆ ವರದಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮುಖ್ಯ ಶಿಕ್ಷಕರು ಇದೊಂದನ್ನ ಮಾಡಬಹುದು: ಎಷ್ಟು ಮಕ್ಕಳು ಗುರಿ ಮುಟ್ಟಿದ್ರು ಅನ್ನೋದರ ಪಕ್ಕದಲ್ಲಿ, ಜೂನ್‌ನಿಂದ ನವೆಂಬರ್‌ಗೆ ಪ್ರತಿ ಮಗು ಎಷ್ಟು ಮುಂದೆ ಬಂತು ಅನ್ನೋ ಒಂದು ಕಾಲಂ. ಆ ಕಾಲಂ ಯಾರೂ ಕೇಳಲ್ಲ. ನೀವೇ ಇಟ್ಟುಕೊಳ್ಳಿ.

ಪಾಲಕರಿಗೆ ಹೇಳೋ ರೀತಿಯೂ ಇದರಷ್ಟೇ ಮುಖ್ಯ. ಶಾಲೆಯ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹೆಸರು ಓದಿ ಅಂಕಿ ಹೇಳಬೇಡಿ. ತಾಯಿಯನ್ನ ಪಕ್ಕಕ್ಕೆ ಕೂರಿಸಿಕೊಂಡು ಗೀಟು ಹಾಕಿದ ಆ ಹಾಳೆಯನ್ನೇ ತೋರಿಸಿ. “ನೋಡಮ್ಮ, ಎಲ್ಲ ಓದ್ತಾಳೆ, ಒತ್ತು ಬಂದ ಕಡೆ ಮಾತ್ರ ತಡವರಿಸ್ತಾಳೆ. ದಿನಾ ರಾತ್ರಿ ಮೂರು ನಿಮಿಷ ನಿಮ್ಮ ಮುಂದೆ ಓದಿಸಿ.” ನನಗೆ ಓದೋಕೆ ಬರಲ್ಲ ಮೇಡಂ ಅಂತಾರೆ. ಬರದಿದ್ರೂ ಪರವಾಗಿಲ್ಲ. ರೊಟ್ಟಿ ತಟ್ಟುತ್ತಾ ಕೇಳಲಿ, ಓದಿ ಮುಗಿಸಿದ ಮೇಲೆ “ಆಮೇಲೆ ಆ ಅಜ್ಜಿ ಏನು ಮಾಡಿದ್ಳು?” ಅಂತ ಒಂದು ಮಾತು ಕೇಳಲಿ.