ಚೋ ರಾಮಸ್ವಾಮಿ: ನಗಿಸ್ತಾ ನಗಿಸ್ತಾನೇ ಸರ್ಕಾರಗಳನ್ನ ಕೆಣಕಿದ ಮನುಷ್ಯ

ನಮಸ್ಕಾರ್ರೀ ಎಲ್ಲರಿಗೂ. ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ನಮ್ಮ ಬಳ್ಳಾರಿಯ ರಾಘವ ಕಲಾಮಂದಿರ. ಬಳ್ಳಾರಿ ರಾಘವ ಅಂದ್ರೆ ತಾಡಪತ್ರಿ ರಾಘವಾಚಾರ್ಯರು. ಕೋರ್ಟಿನಲ್ಲಿ ವಕೀಲರು, ರಂಗದ ಮೇಲೆ ದೊಡ್ಡ ನಟರು. 1946ರಲ್ಲಿ ತೀರಿಕೊಂಡ್ರು. ಕರಿಕೋಟು ಹಾಕ್ಕೊಂಡವರು ಬಣ್ಣ ಹಚ್ಚಿಕೊಳ್ಳೋದು ನಮ್ಮೂರಿಗೆ ಹೊಸದಲ್ಲ. ಅದಕ್ಕೇ ಇನ್ನೊಬ್ಬ ವಕೀಲರ ಕತೆ ಹೇಳೋಕೆ ಈ ಜಾಗ ಆರಿಸಿಕೊಂಡೆ.

1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರೋ ತನಕ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಇಲ್ಲಿನ ವ್ಯಾಜ್ಯ ಮೇಲೆ ಹೋದ್ರೆ ಮದ್ರಾಸ್ ಹೈಕೋರ್ಟಿಗೇ ಹೋಗಬೇಕು. ಅದೇ ಹೈಕೋರ್ಟಿನಲ್ಲಿ 1950ರ ದಶಕದ ಕೊನೆಗೆ ವಕೀಲಿ ಶುರು ಮಾಡಿದವರು ರಾಮಸ್ವಾಮಿ. ಹುಟ್ಟಿದ್ದು 1934ರಲ್ಲಿ. ಅಜ್ಜ ವಕೀಲರು, ಅಪ್ಪ ವಕೀಲರು. ಮುಂದೆ ಟಿಟಿಕೆ ಸಂಸ್ಥೆಗೆ ಕಾನೂನು ಸಲಹೆಗಾರರಾದ್ರು. ಸಂಜೆ ಆದ್ರೆ ಮಾತ್ರ ನಾಟಕ. ಒಂದು ನಾಟಕದ ಪಾತ್ರದಿಂದ ಬಂದ 'ಚೋ' ಅನ್ನೋ ಹೆಸರು ಕೊನೇತನಕ ಉಳೀತು. ಆಮೇಲೆ ಸಿನಿಮಾ. ಬೋಳುತಲೆ, ದಪ್ಪ ಕನ್ನಡಕ, ಉರುಳೋ ಕಣ್ಣು. ನೂರಕ್ಕೂ ಹೆಚ್ಚು ತಮಿಳು ಚಿತ್ರಗಳಲ್ಲಿ ಜನರನ್ನ ನಗಿಸಿದ್ರು. ಸಿನಿಮಾ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಯಾಕಂದ್ರೆ ಅವರ ನಿಜವಾದ ಕಸುಬು ಬೇರೇನೇ ಇತ್ತು.

1968ರಲ್ಲಿ ಅವರು 'ಮುಹಮ್ಮದ್ ಬಿನ್ ತುಘಲಕ್' ನಾಟಕ ಬರೆದು ಆಡಿದ್ರು. ತುಘಲಕ್ ಅಂದ ತಕ್ಷಣ ನಮಗೆ ನೆನಪಾಗೋದು ಗಿರೀಶ ಕಾರ್ನಾಡರ 1964ರ ನಾಟಕ. ಕಾರ್ನಾಡರು ಹದಿನಾಲ್ಕನೇ ಶತಮಾನಕ್ಕೇ ಹೋಗಿ ಆ ದೊರೆಯ ಒಳಗನ್ನ ಬಗೆದು ನೋಡಿದ್ರು. ಚೋ ಆ ದೊರೆಯನ್ನೇ ತಮ್ಮ ಕಾಲದ ದಿಲ್ಲಿಗೆ ಎಳಕೊಂಡು ಬಂದ್ರು. ಇಬ್ಬರು ಬಂದು, ನಾವೇ ತುಘಲಕ್, ಅವನ ಕಾಲದ ಪ್ರವಾಸಿ ಇಬ್ನ್ ಬತೂತ, ಸಮಾಧಿಯಿಂದ ಎದ್ದು ಬಂದೀವಿ ಅಂತಾರೆ. ದೇಶ ನಂಬುತ್ತೆ. ತುಘಲಕ್ ಚುನಾವಣೆಗೆ ನಿಂತು ಗೆದ್ದು ಪ್ರಧಾನಿಯಾಗ್ತಾನೆ. ಬೆಂಬಲ ಕೊಟ್ಟವರಿಗೆಲ್ಲ ಉಪಪ್ರಧಾನಿ ಪಟ್ಟ. ಭಾಷೆ ಜಗಳ ಬಗೆಹರಿಸೋಕೆ ಪರ್ಷಿಯನ್ನೇ ರಾಷ್ಟ್ರಭಾಷೆ! ಹಿಂದಿ ವಿರೋಧಿ ಚಳವಳಿಯ ಬಿಸಿ ಇನ್ನೂ ಆರದ ಮದ್ರಾಸಿನಲ್ಲಿ ಇದನ್ನ ಆಡೋಕೆ ಎಷ್ಟು ಗುಂಡಿಗೆ ಬೇಕು, ಯೋಚನೆ ಮಾಡ್ರಿ.

ಅಸಲಿಗೆ ಅವರಿಬ್ಬರೂ ವೇಷಧಾರಿಗಳು, ರಾಜಕಾರಣದ ಬಣ್ಣ ಬಯಲು ಮಾಡೋಕೆ ಅಂತಲೇ ಹೊರಟವರು. ಆದ್ರೆ ಸತ್ಯ ಹೇಳೋ ಹೊತ್ತು ಬಂದಾಗ ತುಘಲಕ್ ವೇಷದವನಿಗೆ ಕುರ್ಚಿ ಬಿಡೋಕೆ ಮನಸ್ಸು ಬರಲ್ಲ. ನಿಜ ಹೇಳಹೊರಟ ಗೆಳೆಯನನ್ನೇ ಜನ ಮುಗಿಸಿಬಿಡ್ತಾರೆ. ಅಲ್ಲೀವರೆಗೆ ಬಿದ್ದು ಬಿದ್ದು ನಕ್ಕ ಪ್ರೇಕ್ಷಕರಿಗೆ, ಕೊಂದ ಗುಂಪಿನಲ್ಲಿ ತಾವೂ ಇದೀವಿ ಅಂತ ಗೊತ್ತಾಗುತ್ತೆ. ಬರೀ ಪುಢಾರಿಗಳನ್ನ ಬೈದು ಚಪ್ಪಾಳೆ ಗಿಟ್ಟಿಸೋದು ಸುಲಭ. ಓಟು ಹಾಕಿದವರನ್ನೂ ಕಟಕಟೆಗೆ ತಂದು ನಿಲ್ಲಿಸಿದ್ರಲ್ಲ, ಅದಕ್ಕೆ ನಾನು ಚೋ ಅವರನ್ನ ದೊಡ್ಡವರು ಅಂತೀನಿ. 1971ರಲ್ಲಿ ಅದು ಸಿನಿಮಾನೂ ಆಯ್ತು.

ಅಷ್ಟೊತ್ತಿಗೆ ಚೋ ಅವರದೇ ಪತ್ರಿಕೆ ಬಂದಿತ್ತು. 1970ರ ಜನವರಿ 14, ಪೊಂಗಲ್ ದಿನ, 'ತುಘಲಕ್' ಹೊರಬಂತು. ಮೊದಲ ಸಂಚಿಕೆಯ ಮುಖಪುಟದಲ್ಲಿ ಎರಡು ಕತ್ತೆಗಳು ಮಾತಾಡ್ತಾ ನಿಂತಿವೆ. ಚೋ ಪತ್ರಿಕೆ ತರ್ತಾರಂತೆ ಅಂತ ಒಂದು, ಹಂಗಾದ್ರೆ ನಮಗೆ ಇನ್ನು ಒಳ್ಳೇ ಮೇವು ಅಂತ ಇನ್ನೊಂದು. ಮರುವರ್ಷ ಸೇಲಂನಲ್ಲಿ ವಿಚಾರವಾದಿ ನಾಯಕ ಪೆರಿಯಾರ್ ಮುಂದಾಳತ್ವದಲ್ಲಿ ನಡೆದ ಮೂಢನಂಬಿಕೆ ವಿರೋಧಿ ಮೆರವಣಿಗೆಯ ಫೋಟೋಗಳನ್ನ ಅಚ್ಚು ಹಾಕಿದ್ದಕ್ಕೆ ಡಿಎಂಕೆ ಸರ್ಕಾರ ಪ್ರತಿಗಳನ್ನ ಜಪ್ತಿ ಮಾಡಿತು. ಜಪ್ತಿ ಆದಷ್ಟೂ ಪತ್ರಿಕೆಗೆ ಬೇಡಿಕೆ ಹೆಚ್ಚಾಯ್ತು. ಆ ಕಿಡಿ ಎಷ್ಟು ಗಟ್ಟಿ ಅಂದ್ರೆ, 2020ರಲ್ಲಿ ಪತ್ರಿಕೆಯ 50ನೇ ವರ್ಷದ ಸಭೆಯಲ್ಲಿ ರಜನಿಕಾಂತ್ ಆ ಮೆರವಣಿಗೆ ಮಾತೆತ್ತಿದ್ದಕ್ಕೆ ತಮಿಳುನಾಡಲ್ಲಿ ಮತ್ತೆ ಗಲಾಟೆ ಎದ್ದಿತು.

1975ರ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರ್ ಬಂದಾಗ ಚೋ ಮುಖಪುಟವನ್ನ ಪೂರ್ತಿ ಕಪ್ಪು ಮಾಡಿ ಅಚ್ಚು ಹಾಕಿದ್ರು.  ಅಂಗಡಿ ಮುಂದೆ ತೂಗುಹಾಕಿದ ಬಣ್ಣಬಣ್ಣದ ಪತ್ರಿಕೆಗಳ ನಡುವೆ ಆ ಕರಿಹಾಳೆ ಕಣ್ಣಿಗೆ ಹೊಡೆಯೋದನ್ನ ಊಹಿಸಿಕೊಳ್ರಿ. ಸೆನ್ಸಾರ್ ಅಧಿಕಾರಿ ಕತ್ತರಿಸಬೇಕು ಅಂದ್ರೆ ಅಲ್ಲಿ ಏನಿತ್ತು?

ಇಲ್ಲಿ ಒಂದು ಮಾತು. ರಾಯಲ್ ಸರ್ಕಲ್ ಹತ್ರ ಸಾಯಂಕಾಲ ಒಗ್ಗರಣೆ ಮಿರ್ಚಿ ಬಂಡಿ ಮುಂದೆ ನಿಂತ್ರೆ, ನಮ್ಮ ಜನ ರಾಜಕೀಯದ ಬಗ್ಗೆ ಆಡೋ ಮಾತು ಕೇಳಬೇಕು. ಕನ್ನಡ, ತೆಲುಗು, ಉರ್ದು ಮೂರೂ ಕಲಸಿ ಎಂಥ ಖಾರದ ಹಾಸ್ಯ! ಆದ್ರೆ ಹೇಳೋಕೆ ಮುಂಚೆ ಹಿಂದೆ ಮುಂದೆ ನೋಡ್ತಾರೆ. ನಾನು ಮೊಬೈಲ್ ಎತ್ತಿದ್ರೆ, "ತಮ್ಮಾ, ಅದನ್ನ ಒಳಗಿಡಪ್ಪ" ಅಂತಾರೆ. ಗಣಿ ಧೂಳಿನ ದಿನಗಳನ್ನ ಕಂಡ ಊರು ಇದು, ಅವರ ಭಯ ನನಗೆ ಅರ್ಥ ಆಗುತ್ತೆ. ಹೆಸರು ಹಾಕಿ, ವಿಳಾಸ ಹಾಕಿ ಅಂಥ ಮಾತನ್ನ ಅಚ್ಚು ಹಾಕಿಸಿದವರ ಬೆಲೆ ತಿಳಿಯೋದೂ ಅಲ್ಲೇ.

ಹಂಗಂತ ಚೋ ಹೇಳಿದ್ದೆಲ್ಲ ನನಗೆ ಒಪ್ಪಿಗೆ ಇಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಅವರು ಆಡ್ತಿದ್ದ ಮಾತು ನನಗೆ ಯಾವತ್ತೂ ಸರಿ ಅನ್ಸಿಲ್ಲ. 1996ರಲ್ಲಿ ಹಳೇ ಗೆಳತಿ ಜಯಲಲಿತಾ ಸರ್ಕಾರದ ವಿರುದ್ಧವೇ ನಿಂತು, ತಾವು ವರ್ಷಗಟ್ಟಲೆ ಟೀಕಿಸಿದ್ದ ಡಿಎಂಕೆ ಜೊತೆ, ಕಾಂಗ್ರೆಸ್ ಬಿಟ್ಟು ಬಂದಿದ್ದ ಮೂಪನಾರ್ ಅವರ ಪಕ್ಷ ಕೈಜೋಡಿಸೋ ಹಂಗೆ ಓಡಾಡಿದ್ರು. ಆ ನಿಷ್ಠುರ ನನಗೆ ಇಷ್ಟ. ಆದ್ರೆ ಮುಂದೆ ಮತ್ತೆ ಜಯಲಲಿತಾ ಅವರಿಗೆ ಹತ್ರದ ಸಲಹೆಗಾರರಾದ್ರು, ನರೇಂದ್ರ ಮೋದಿಯವರ ಪರ ಬಹಿರಂಗವಾಗೇ ನಿಂತ್ರು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಮ್ಮ ಬಳ್ಳಾರಿಯಲ್ಲಿ ಎದುರುಬದರು ನಿಂತಿದ್ರಲ್ಲ, ಆ 1999ರಲ್ಲೇ ಚೋ ರಾಜ್ಯಸಭೆಗೆ ನಾಮನಿರ್ದೇಶನ ಆಗಿದ್ದು. ಅಧಿಕಾರದ ಪಕ್ಕದಲ್ಲೇ ಕುಂತವರ ಹಾಸ್ಯಕ್ಕೆ ಒಂದು ಕಡೆ ಮೊನಚು ಕಮ್ಮಿ ಆಗೇ ಆಗುತ್ತೆ, ಚೋ ಅವರದೂ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ಆದ್ರೂ ಒಂದು ಪದ್ಧತಿ ಅವರು ಬಿಡಲಿಲ್ಲ. ಪ್ರತಿ ವರ್ಷ ಪೊಂಗಲ್ ಹೊತ್ತಿಗೆ ಓದುಗರನ್ನ ಸೇರಿಸಿ, ಅವರ ಪ್ರಶ್ನೆಗಳನ್ನ ತುಂಬಿದ ಸಭೆಯಲ್ಲೇ ಎದುರಿಸ್ತಿದ್ರು. ವಾರವಾರ ಬರೆದಿದ್ದಕ್ಕೆ ವರ್ಷಕ್ಕೊಮ್ಮೆ ಮುಖ ಕೊಟ್ಟು ಲೆಕ್ಕ ಒಪ್ಪಿಸೋದು ಅಂದ್ರೆ ಇದೇ. ಇವತ್ತು ಫೋನ್ ಮುಂದೆ ಕುಂತು ರಾಜಕೀಯ ಮಾತಾಡೋ ನಾವೆಲ್ಲ ಇದನ್ನ ಕಲೀಬೇಕು.

ಜಯಲಲಿತಾ ತೀರಿಹೋದ ಎರಡೇ ದಿನಕ್ಕೆ, 2016ರ ಡಿಸೆಂಬರ್ 7ರಂದು, ಚೆನ್ನೈನಲ್ಲಿ ಚೋ ಕೂಡ ಹೋದ್ರು. ಮರುವರ್ಷ ಮರಣೋತ್ತರ ಪದ್ಮಭೂಷಣ ಬಂತು. ನಮ್ಮ ಕಂಟೋನ್ಮೆಂಟ್, ಕೌಲ್‌ಬಜಾರ್ ಕಡೆ ತಲೆಮಾರುಗಳಿಂದ ಇರೋ ತಮಿಳು ಮನೆಗಳಲ್ಲಿ ಯಾರ ಹತ್ರಾದ್ರೂ ತುಘಲಕ್ ಹಳೇ ಸಂಚಿಕೆ ಇದ್ರೆ, ಅದರಲ್ಲೂ ಆ ಕಪ್ಪು ಮುಖಪುಟದ್ದು, ಕಮೆಂಟಿನಲ್ಲಿ ತಿಳಿಸ್ರಿ. ಕ್ಯಾಮೆರಾ ತಗೊಂಡು ನಾನೇ ಬರ್ತೀನಿ, ತಮಿಳು ಓದಿ ಅರ್ಥ ಹೇಳೋ ಹಿರಿಯರು ಒಬ್ಬರು ಜೊತೆಗಿದ್ರೆ ಇನ್ನೂ ಚಲೋ.